ಇಂಡಕ್ಷನ್ ಒಲೆಯ ಮೇಲೆ ಬಿಸಿಯಾಗದ ಮೋಕಾ ಪಾಟ್: ಬದಲಿಗೆ ಯಾವುದನ್ನು ಕೊಳ್ಳಬೇಕು?

ಆರು ಕಪ್ಪಿನ ನಿಮ್ಮ ಮೋಕಾ ಪಾಟ್ (ಕೆಳಗೆ ಕಾದ ನೀರು ಪುಡಿಯ ಮೂಲಕ ಮೇಲೇರಿ ಕಾಫಿಯಾಗುವ ಪಾತ್ರೆ) ಇಂಡಕ್ಷನ್ ಒಲೆಯ ಮೇಲೆ ಬಿಸಿಯಾಗುತ್ತಿಲ್ಲ, ಗ್ಯಾಸ್ ಒಲೆಯ ಮೇಲೆ ಕಾಫಿ ನೀರುನೀರಾಗುತ್ತದೆ, ಇಬ್ಬರಿಗೆ ಬದಲಿಗೆ ಯಾವುದನ್ನು ಕೊಳ್ಳಲಿ ಎಂದು ಕೇಳಿದ್ದೀರಿ. ಅದು ಇಂಡಕ್ಷನ್ ಮೇಲೆ ಬಿಸಿಯಾಗದಿರುವುದಕ್ಕೆ ಅಲ್ಯೂಮಿನಿಯಂನದಾಗಿರುವುದೇ ಬಹುಶಃ ಕಾರಣ. ಗ್ಯಾಸ್ ಒಲೆಯ ಮೇಲೆ ಮಾಡಿದಾಗ ಕಾಫಿ ನೀರುನೀರಾಗುವುದು ಬೇರೆ ವಿಷಯ, ಇಬ್ಬರಿಗಷ್ಟೇ ಎಂದು ನೀವು ಪುಡಿಯನ್ನು ಅರ್ಧ ಮಾತ್ರ ತುಂಬುತ್ತಿರುವುದರಿಂದ ಹಾಗಾಗುತ್ತಿದೆ.

ಮೊದಲು ಪಾತ್ರೆಯ ತಳಕ್ಕೆ ಅಯಸ್ಕಾಂತವನ್ನು ಹಿಡಿದು ನೋಡಿ. ಅದು ಗಟ್ಟಿಯಾಗಿ ಅಂಟಿಕೊಳ್ಳದಿದ್ದರೆ ಆ ಪಾತ್ರೆ ಇಂಡಕ್ಷನ್‌ಗೆ ಆಗುವುದಿಲ್ಲ. ಹೊಸದನ್ನು ಕೊಳ್ಳುವಾಗಲೂ ಇದೇ ಪರೀಕ್ಷೆ ಮಾಡಿ, ಏಕೆಂದರೆ ಸ್ಟೇನ್‌ಲೆಸ್ ಸ್ಟೀಲಿನ ಎಲ್ಲ ಪಾತ್ರೆಗಳಿಗೂ ಅಯಸ್ಕಾಂತ ಹಿಡಿಯುವುದಿಲ್ಲ. ಇನ್ನು ಅಳತೆ: ಮೋಕಾ ಪಾಟ್‌ನ ಲೆಕ್ಕದಲ್ಲಿ ಒಂದು ಕಪ್ ಎಂದರೆ ಸುಮಾರು 50 ಮಿಲಿಲೀಟರ್ ಮಾತ್ರ. ಪುಡಿಯ ಬಟ್ಟಲನ್ನು ಪ್ರತಿ ಸಲವೂ ಪೂರ್ತಿ ತುಂಬಲೇಬೇಕಾದ್ದರಿಂದ, ದಿನವೂ ಕುಡಿಯುವಷ್ಟಕ್ಕೇ ಸರಿಹೊಂದುವ ಪಾತ್ರೆಯನ್ನು ಆರಿಸಿ. ನಿಮ್ಮಿಬ್ಬರಿಗೆ ಮೂರು ಅಥವಾ ನಾಲ್ಕು ಕಪ್ಪಿನದು ಸಾಕೆಂದು ನನಗೆ ತೋರುತ್ತದೆ. ಆದರೆ ತಳ ತೀರ ಚಿಕ್ಕದಾದರೆ ಕೆಲವು ಇಂಡಕ್ಷನ್ ಒಲೆಗಳು ಪಾತ್ರೆಯನ್ನೇ ಗುರುತಿಸುವುದಿಲ್ಲವಾದ್ದರಿಂದ, ಒಲೆಯ ಕೈಪಿಡಿಯಲ್ಲಿ ಕನಿಷ್ಠ ವ್ಯಾಸ ಎಷ್ಟೆಂದು ನೋಡಿಕೊಂಡೇ ಹಣ ಕೊಡಿ.

ಕಾಫಿ ಮಾಡುವಾಗ, ಕೆಳಭಾಗಕ್ಕೆ ಹಾಕುವ ನೀರು ಅಲ್ಲಿರುವ ಸುರಕ್ಷತಾ ಕವಾಟದ (ಹೆಚ್ಚಾದ ಆವಿಯನ್ನು ಹೊರಬಿಡುವ ಭಾಗ) ಕೆಳಗೇ ನಿಲ್ಲಲಿ. ಪುಡಿಯನ್ನು ಒತ್ತದೆ ಮಟ್ಟಸವಾಗಿ ಹರಡಿ, ಕಡಿಮೆ ಶಾಖದಲ್ಲಿಟ್ಟು, ಮೇಲೆ ಉಕ್ಕಿ ಬರುವ ಕಾಫಿಯ ಬಣ್ಣ ತಿಳಿಯಾಗಿ ಬುಸುಗುಡಲು ತೊಡಗಿದೊಡನೆ ಇಳಿಸಿ.