ಪ್ರತಿಕ್ರಿಯೆ: ಅಲಹಾಬಾದ್ ‘ವಾಯವ್ಯ ಪ್ರಾಂತ್ಯ’ದಲ್ಲಿ ಇದ್ದದ್ದು ಹೇಗೆ?

ನಿಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ 1890ರ ಲಕೋಟೆಯ ಮೇಲೆ ‘ಅಲಹಾಬಾದ್, ವಾಯವ್ಯ ಪ್ರಾಂತ್ಯ’ ಎಂದಿರುವುದು ಬರೆದವರ ತಪ್ಪೇ ಎಂದು ಕೇಳಿದ್ದೀರಿ. ತಪ್ಪಲ್ಲ, ಆ ಹೆಸರಿಗೂ ಈಗ ಪಾಕಿಸ್ತಾನದಲ್ಲಿರುವ ಪೇಶಾವರದ ‘ವಾಯವ್ಯ ಗಡಿ ಪ್ರಾಂತ್ಯ’ಕ್ಕೂ ಸಂಬಂಧವಿಲ್ಲ.

1836ರಲ್ಲಿ ಆಗ್ರಾವನ್ನು ಕೇಂದ್ರವಾಗಿಸಿ ವಾಯವ್ಯ ಪ್ರಾಂತ್ಯಗಳನ್ನು ರಚಿಸಿದಾಗ, ಪಂಜಾಬ್ ಇನ್ನೂ ಸಿಖ್ಖರ ಆಳ್ವಿಕೆಯಲ್ಲಿದ್ದುದರಿಂದ, ಕಲ್ಕತ್ತೆಯಲ್ಲಿ ಕುಳಿತು ನೋಡುವ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳಿಗೆ ಗಂಗಾ-ಯಮುನೆಗಳ ನಡುವಿನ ಬಯಲೇ ವಾಯವ್ಯ ದಿಕ್ಕಾಗಿತ್ತು. 1849ರಲ್ಲಿ ಪಂಜಾಬ್ ಕಂಪನಿಯ ವಶವಾದ ಮೇಲೆ ಆ ಹೆಸರು ಭೂಪಟಕ್ಕೆ ಹೊಂದದೆ ಹೋಯಿತು, ಆದರೂ ಕಚೇರಿಯ ಕಾಗದಗಳಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಾಗೆಯೇ ಉಳಿಯಿತು. ಸರ್ಕಾರಿ ಹೆಸರುಗಳ ಜಡತ್ವಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಈ ನಡುವೆ 1857ರ ದಂಗೆಯ ಬಳಿಕ, 1858ರಲ್ಲಿ, ರಾಜಧಾನಿ ಆಗ್ರಾದಿಂದ ಅಲಹಾಬಾದಿಗೆ ಬಂತು, ದೆಹಲಿ ಪಂಜಾಬಿಗೆ ಸೇರಿತು. 1877ರಲ್ಲಿ ಲಖನೌ ಸುತ್ತಲಿನ ಔಧ್‌ನ ಆಡಳಿತವನ್ನೂ ವಾಯವ್ಯ ಪ್ರಾಂತ್ಯಗಳ ಲೆಫ್ಟಿನೆಂಟ್ ಗವರ್ನರ್‌ಗೆ ವಹಿಸಲಾಯಿತು. ನಿಮ್ಮ ಲಕೋಟೆ ಆ ಕಾಲದ್ದು.

1901ರಲ್ಲಿ ವೈಸರಾಯ್ ಕರ್ಜನ್ ಪಂಜಾಬಿನ ಗಡಿ ಜಿಲ್ಲೆಗಳನ್ನು ಬೇರ್ಪಡಿಸಿ ‘ವಾಯವ್ಯ ಗಡಿ ಪ್ರಾಂತ್ಯ’ವನ್ನು ರಚಿಸಿದಾಗ ಗೊಂದಲ ತಾಳಲಾರದಷ್ಟಾಯಿತು, ಮರುವರ್ಷವೇ ಹಳೆಯದಕ್ಕೆ ‘ಆಗ್ರಾ ಮತ್ತು ಔಧ್ ಸಂಯುಕ್ತ ಪ್ರಾಂತ್ಯಗಳು’ ಎಂದು ಹೆಸರಿಟ್ಟರು. 1937ರಲ್ಲಿ ಅದು ಬರೀ ‘ಸಂಯುಕ್ತ ಪ್ರಾಂತ್ಯ’ಗಳಾಗಿ, 1950ರ ಜನವರಿ 24ರಂದು ಉತ್ತರ ಪ್ರದೇಶವಾಯಿತು. ಇಂಗ್ಲಿಷಿನ ‘ಯು.ಪಿ.’ ಎಂಬ ಎರಡಕ್ಷರ ಮಾತ್ರ ಬದಲಾಗಲಿಲ್ಲ. ಇನ್ನು ಪೇಶಾವರದ ಆ ಪ್ರಾಂತ್ಯ 2010ರಿಂದ ಖೈಬರ್ ಪಖ್ತೂನ್‌ಖ್ವಾ.