ಕಲ್ಲಿನ ನಾಡಿ ಹಿಡಿದ ವೈದ್ಯರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಭೂವಿಜ್ಞಾನದ ಚರಿತ್ರೆಯಲ್ಲಿ ಹೆಜ್ಜೆಹೆಜ್ಜೆಗೂ ಡಾಕ್ಟರುಗಳೇ ಎದುರಾಗುತ್ತಾರೆ. ಕಲ್ಲಿಗೂ ವೈದ್ಯಕ್ಕೂ ಏನು ನಂಟು?

ಉತ್ತರ: ಕಲ್ಲನ್ನು ಕಲಿಸುವ ಕಾಲೇಜೇ ಇರಲಿಲ್ಲ. ಸ್ಯಾಕ್ಸನಿಯ ಫ್ರೈಬರ್ಗ್‌ನಲ್ಲಿ ಗಣಿ ಅಕಾಡೆಮಿ ಶುರುವಾದದ್ದೇ 1765ರಲ್ಲಿ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಅಂಗರಚನೆ ಮೂರೂ ಬೇಕೆಂದವರು ವೈದ್ಯಕೀಯಕ್ಕೇ ಸೇರಬೇಕಿತ್ತು. ಗಂಧಕ, ಪಾದರಸ, ಆಂಟಿಮನಿ ಎಲ್ಲವೂ ಔಷಧಿಗಳಾಗಿದ್ದರಿಂದ ಖನಿಜದ ಗುರುತು ಹಿಡಿಯುವುದೂ ವೈದ್ಯನ ಕಸುಬಿನೊಳಗೇ ಬರುತ್ತಿತ್ತು.

ಗಿಯೋರ್ಗಿಯಸ್ ಅಗ್ರಿಕೋಲಾನನ್ನೇ ನೋಡಿ. 1527ರಲ್ಲಿ ಬೊಹೀಮಿಯಾದ ಬೆಳ್ಳಿಗಣಿಯ ಊರಾದ ಯೋಆಕಿಮ್ಸ್‌ಥಾಲ್‌ಗೆ ಪಟ್ಟಣದ ವೈದ್ಯನಾಗಿ ಹೋದವನು ಬಿಡುವಿನ ಹೊತ್ತನ್ನು ಗಣಿಗಳಲ್ಲಿ, ಕುಲುಮೆಗಳ ಬಳಿ ಕಳೆದ. ಅವನು ತೀರಿಕೊಂಡ ಮರುವರ್ಷ, 1556ರಲ್ಲಿ, ಅಚ್ಚಾದ ‘ಡೆ ರೆ ಮೆಟಾಲಿಕಾ’ ಗಣಿಯಂತ್ರಗಳ ಚಿತ್ರಗಳಿಗೆ ಹೆಸರಾಗಿದೆ. ಆದರೆ ಗಣಿಗಾರರ ರೋಗಗಳ ಭಾಗವೇ ಹೆಚ್ಚು ಬೆಲೆಯುಳ್ಳದ್ದು. ಒಣ ಗಣಿಗಳ ಧೂಳು ಶ್ವಾಸಕೋಶಕ್ಕಿಳಿದು ಅದನ್ನು ಕೊರೆಯುತ್ತದೆ, ಕಾರ್ಪೇಥಿಯನ್ ಗಣಿಗಳ ಕಡೆ ಏಳು ಗಂಡಂದಿರನ್ನು ಹೀಗೆ ಕಳೆದುಕೊಂಡ ಹೆಂಗಸರೂ ಇದ್ದಾರೆ ಎನ್ನುತ್ತಾನೆ. ಮುಖಕ್ಕೆ ಸಡಿಲ ಬಟ್ಟೆ, ಮೊಣಕೈವರೆಗೆ ಕೈಗವಸು, ಎತ್ತರದ ಚರ್ಮದ ಬೂಟು ಅವನು ಹೇಳಿದ ರಕ್ಷಣೆ. ಬಟ್ಟೆ ದಪ್ಪ ಧೂಳನ್ನಷ್ಟೇ ತಡೆದೀತು. ಶ್ವಾಸಕೋಶದ ಆಳಕ್ಕೆ ಹೋಗುವ ಸಿಲಿಕಾ (ಕಲ್ಲುಧೂಳಿನ ಖನಿಜ) ಕಣಗಳು ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಗಾತ್ರದವು, ಅವು ಬಟ್ಟೆಯಲ್ಲಿ ಸಲೀಸಾಗಿ ನುಸುಳುತ್ತವೆ.

ಪ್ರಶ್ನೆ: ಶಾರ್ಕ್ ತಲೆ ಕೊಯ್ದ ಸ್ಟೀನೋ ಶಿಲಾಪದರಗಳ ನಿಯಮಕ್ಕೆ ಬಂದದ್ದು ಹೇಗೆ? ಆ ನಿಯಮ ಎಲ್ಲ ಕಡೆಯೂ ನಡೆಯುತ್ತದೆಯೆ?

ಉತ್ತರ: ಕೋಪನ್‌ಹೇಗನ್‌ನ ನಿಕೋಲಸ್ ಸ್ಟೀನೋ ಮೊದಲು ಹೆಸರು ಮಾಡಿದ್ದು ಅಂಗರಚನೆಯಲ್ಲಿ. ಕೆನ್ನೆಯ ಲಾಲಾಗ್ರಂಥಿಯಿಂದ ಬಾಯಿಗೆ ಬರುವ ನಾಳಕ್ಕೆ ಇಂದಿಗೂ ಅವನದೇ ಹೆಸರು. 1666ರಲ್ಲಿ ಲಿವೋರ್ನೊ ಬಳಿ ಸಿಕ್ಕ ಭಾರಿ ಶಾರ್ಕ್‌ನ ತಲೆ ಫ್ಲಾರೆನ್ಸ್‌ನಲ್ಲಿ ಅವನ ಕೈಗೆ ಬಂತು. ಅದರ ಹಲ್ಲುಗಳು ಮಾಲ್ಟಾದ ‘ನಾಲಿಗೆಕಲ್ಲು’ಗಳನ್ನೇ ಹೋಲುತ್ತಿದ್ದವು. ಜನ ಆ ಕಲ್ಲುಗಳನ್ನು ವಿಷಕ್ಕೆ ಮದ್ದೆಂದು ಇಟ್ಟುಕೊಳ್ಳುತ್ತಿದ್ದರು.

ಹೋಲಿಕೆಯನ್ನು ಅವನಿಗಿಂತ ಮೊದಲೂ ಕೆಲವರು ಗಮನಿಸಿದ್ದರು. ಸ್ಟೀನೋನ ಹೆಚ್ಚುಗಾರಿಕೆ ಮುಂದಿನ ತರ್ಕದಲ್ಲಿದೆ. ಗಟ್ಟಿ ಬಂಡೆಯೊಳಗೇ ಈ ನಾಲಿಗೆಕಲ್ಲು ಬೆಳೆದಿದ್ದರೆ, ಬಿರುಕಿನಲ್ಲಿ ಸಿಕ್ಕ ಬೇರಿನಂತೆ ಸೊಟ್ಟಗಾಗಬೇಕಿತ್ತು, ಇಲ್ಲವೇ ಬಂಡೆಯನ್ನು ಸೀಳಬೇಕಿತ್ತು. ಎರಡೂ ಕಾಣುವುದಿಲ್ಲ. ಹಾಗಾದರೆ ಅದು ಶಾರ್ಕ್ ಹಲ್ಲೇ, ಅದು ಸೇರಿದಾಗ ಸುತ್ತಲಿನದು ಮೆತ್ತಗಿತ್ತು. ಎರಡು ಘನವಸ್ತುಗಳು ಅಂಟಿಕೊಂಡಿದ್ದರೆ ಯಾವುದು ಇನ್ನೊಂದರ ಮೇಲೆ ತನ್ನ ಅಚ್ಚು ಮೂಡಿಸಿದೆಯೋ ಅದೇ ಮೊದಲು ಗಟ್ಟಿಯಾದದ್ದು. ಇದೇ ತರ್ಕವನ್ನು ಪದರಗಳಿಗೂ ಹಚ್ಚಿ 1669ರಲ್ಲಿ ಪ್ರಕಟಿಸಿದ: ಮೇಲಿನದು ಕೂರುವ ಮೊದಲೇ ಕೆಳಗಿನದು ಗಟ್ಟಿಯಾಗಿತ್ತು, ಆದ್ದರಿಂದ ಕೆಳಗಿನದೇ ಹಳೆಯದು. ಪದರಗಳೆಲ್ಲ ಮೊದಲಿಗೆ ಹೆಚ್ಚುಕಮ್ಮಿ ಅಡ್ಡಲಾಗಿ ಕೂತಂಥವು, ಓರೆಯಾದದ್ದು ಆಮೇಲೆ.

ಎಲ್ಲ ಕಡೆ ಕಣ್ಣುಮುಚ್ಚಿ ನಂಬಬೇಡಿ. ಪರ್ವತಗಳಲ್ಲಿ ಪದರಗಳು ಮಡಚಿಕೊಂಡು ಪೂರ್ತಿ ಮಗುಚಿರಬಹುದು, ಆಗ ಲೆಕ್ಕ ತಿರುಗುಮುರುಗು. ಅದಕ್ಕೇ ಮೊದಲು ಪದರದ ತಲೆ ಯಾವುದು, ಬುಡ ಯಾವುದು ಎಂದು ನೋಡಬೇಕು. ನೀರಿನಲ್ಲಿ ಕೂತ ಪದರದಲ್ಲಿ ಸಾಮಾನ್ಯವಾಗಿ ದಪ್ಪ ಮರಳು ಬುಡದಲ್ಲಿ, ನುಣ್ಣನೆಯದು ಮೇಲೆ. ಒಣಗಿ ಬಿರಿದ ಕೆಸರಿನ ಬಿರುಕು ಮೇಲೆ ಅಗಲ, ಕೆಳಕ್ಕೆ ಹೋದಂತೆ ಕಿರಿದು. ಅಲೆಗಳು ಮೂಡಿಸಿದ ಏರಿಳಿತದ ಚೂಪು ತುದಿ ಮೇಲ್ಮುಖ. ಒಂದೇ ಗುರುತು ನೆಚ್ಚಬೇಡಿ. ದಪ್ಪ ಮರಳು ಮೇಲೆ ಬರುವ ಪದರಗಳೂ ಉಂಟು.

ಪ್ರಶ್ನೆ: ಜೇಮ್ಸ್ ಹಟ್ಟನ್ ವೈದ್ಯನಾಗಿದ್ದನೆ?

ಉತ್ತರ: ಸ್ಕಾಟ್ಲೆಂಡಿನ ಭೂವಿಜ್ಞಾನಿ ಹಟ್ಟನ್ 1749ರಲ್ಲಿ ಲೈಡನ್‌ನಲ್ಲಿ ವೈದ್ಯಕೀಯ ಪದವಿ ಪಡೆದ, ಪ್ರಬಂಧ ರಕ್ತಪರಿಚಲನೆಯ ಮೇಲೆ. ವೃತ್ತಿ ಮಾತ್ರ ಮಾಡಲಿಲ್ಲ. ಗೆಳೆಯ ಜೇಮ್ಸ್ ಡೇವಿಯೊಂದಿಗೆ ಹೊಗೆಯ ಮಸಿಯಿಂದ ನವಸಾಗರ (ಅಮೋನಿಯಂ ಕ್ಲೋರೈಡ್) ಎಂಬ ಲವಣ ತೆಗೆಯುವ ಉದ್ಯಮದ ಆದಾಯವಿತ್ತು, ಬೆರ್ವಿಕ್‌ಶೈರ್‌ನಲ್ಲಿ ಹೊಲವಿತ್ತು. ಹೊಲದಿಂದ ಮಣ್ಣು ಕೊಚ್ಚಿಹೋಗುವುದನ್ನು ಗಮನಿಸುತ್ತಿದ್ದವನಿಗೆ 1788ರಲ್ಲಿ ಸ್ಕಾಟ್ಲೆಂಡಿನ ಕಡಲಂಚಿನ ಸಿಕ್ಕಾರ್ ಪಾಯಿಂಟ್‌ನ ಬಂಡೆ ದೊಡ್ಡ ಸಾಕ್ಷಿಯಾಯಿತು. ಅಲ್ಲಿ ಬಹುತೇಕ ನೆಟ್ಟಗೆ ನಿಂತ ಬೂದು ಪದರಗಳ ಮೇಲೆ ಕೆಂಪು ಮರಳುಗಲ್ಲು ಸ್ವಲ್ಪವೇ ಓರೆಯಾಗಿ ಮಲಗಿದೆ. ಅಂದರೆ ಕೂತು, ಗಟ್ಟಿಯಾಗಿ, ಎದ್ದು ನಿಂತು, ಸವೆದು, ಅದರ ಮೇಲೆ ಮತ್ತೆ ಕೂತದ್ದು. ಇಷ್ಟೆಲ್ಲಕ್ಕೆ ಕೆಲವು ಸಾವಿರ ವರ್ಷ ಸಾಲುವುದಿಲ್ಲ.

ಪ್ರಶ್ನೆ: ಪಾರ್ಕಿನ್ಸನ್ ಕಾಯಿಲೆಯ ಪಾರ್ಕಿನ್ಸನ್ ಪಳೆಯುಳಿಕೆಗಳನ್ನೂ ಅಭ್ಯಾಸ ಮಾಡಿದ್ದು ನಿಜವೆ? ಇಗ್ವಾನೊಡಾನ್ ಎಂಬ ಡೈನೊಸಾರ್ ಅನ್ನು ಗುರುತಿಸಿದ ಡಾಕ್ಟರು ಅವರೇ ಏನು?

ಉತ್ತರ: ಮೊದಲನೆಯದು ನಿಜ. ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ನಡುಕರೋಗದ ಪ್ರಬಂಧವನ್ನು 1817ರಲ್ಲಿ ಪ್ರಕಟಿಸಿದ, ಅದರಲ್ಲಿ ವಿವರಿಸಿದ್ದು ಆರೇ ಪ್ರಕರಣ. ಅಷ್ಟರೊಳಗೆ ಪಳೆಯುಳಿಕೆಗಳ ಮೂರು ಸಂಪುಟಗಳು ಹೊರಬಂದಿದ್ದವು. 1807ರಲ್ಲಿ ಲಂಡನ್ನಿನ ಜಿಯೊಲಾಜಿಕಲ್ ಸೊಸೈಟಿ ಕಟ್ಟಿದವರಲ್ಲೂ ಅವನಿದ್ದ.

ಇಗ್ವಾನೊಡಾನ್ ಬೇರೆಯವನದು: ಇಂಗ್ಲೆಂಡಿನ ಲೂಯಿಸ್ ಪಟ್ಟಣದ ಡಾಕ್ಟರು ಗಿಡಿಯನ್ ಮ್ಯಾಂಟೆಲ್. 1825ರಲ್ಲಿ ಅದಕ್ಕೆ ಹೆಸರಿಟ್ಟಾಗ ಅವನ ಕೈಯಲ್ಲಿದ್ದದ್ದು ಮುಖ್ಯವಾಗಿ ಹಲ್ಲುಗಳು. ಇಗ್ವಾನಾ ಎಂಬ ಹಲ್ಲಿಜಾತಿಯ ಪ್ರಾಣಿಯ ಹಲ್ಲುಗಳಿಗಿಂತ ಇವು ಎಷ್ಟು ಪಟ್ಟು ದೊಡ್ಡವೋ ದೇಹವೂ ಅಷ್ಟೇ ಪಟ್ಟು ಎಂದು ಗುಣಿಸಿ 60 ಅಡಿಗೂ ಮೀರಿದ ಪ್ರಾಣಿ ಎಂದ. ನಿಜದಲ್ಲಿ ಸುಮಾರು 30 ಅಡಿ. ಹಲ್ಲುಗಳಿಗೂ ದೇಹಕ್ಕೂ ಇರುವ ಅನುಪಾತ ಎಲ್ಲ ಪ್ರಾಣಿಗಳಲ್ಲಿ ಒಂದೇ ಅಲ್ಲ ಎಂಬುದೇ ಲೆಕ್ಕ ತಪ್ಪಲು ಕಾರಣ. ಬಿಡಿಯಾಗಿ ಸಿಕ್ಕ ಒಂದು ಚೂಪು ಮೂಳೆಯನ್ನೂ ಮೂಗಿನ ಕೊಂಬೆಂದು ಬಗೆದ.

ವೃತ್ತಿಯ ಕಥೆ ಇನ್ನೂ ಕಷ್ಟದ್ದು. 1833ರಲ್ಲಿ ಬ್ರೈಟನ್‌ಗೆ ಹೋದ ಮೇಲೆ ಮನೆ ಮ್ಯೂಸಿಯಮ್ಮಾಯಿತು. ನೋಡುವವರು ಬಂದರು, ರೋಗಿಗಳು ಬರಲಿಲ್ಲ. 1838ರಲ್ಲಿ ಸಂಗ್ರಹವನ್ನು 4,000 ಪೌಂಡಿಗೆ ಬ್ರಿಟಿಷ್ ಮ್ಯೂಸಿಯಂಗೆ ಮಾರಬೇಕಾಯಿತು. 1841ರ ಗಾಡಿ ಅಪಘಾತದಲ್ಲಿ ಬೆನ್ನುಮೂಳೆಗೆ ಪೆಟ್ಟಾಗಿ, ನೋವಿಗೆ ಅಫೀಮು ಸೇವಿಸುತ್ತಲೇ 1852ರಲ್ಲಿ ತೀರಿಕೊಂಡ. ಬೆಲ್ಜಿಯಮ್ಮಿನ ಬರ್ನಿಸಾರ್ ಕಲ್ಲಿದ್ದಲ ಗಣಿಯಲ್ಲಿ 1878ರಲ್ಲಿ ಇಡೀ ಅಸ್ಥಿಪಂಜರಗಳು ಸಿಕ್ಕ ಮೇಲಷ್ಟೇ ಆ ‘ಕೊಂಬು’ ಹೆಬ್ಬೆರಳಿನ ಮುಳ್ಳು ಎಂಬುದು ಖಚಿತವಾಯಿತು.