ಜೋಶುವಾ ಎಂಬ ಅಳತೆಗೋಲು
(2025ರ ಜುಲೈ 19ರ ಪಂದ್ಯಕ್ಕೆ ಮುನ್ನ ಬರೆದದ್ದು)

ಪ್ರಶ್ನೆ: 2025ರ ಜುಲೈ 19ರಂದು ಲಂಡನ್ನಿನ ವೆಂಬ್ಲಿಯಲ್ಲಿ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಮತ್ತು ಬ್ರಿಟನ್ನಿನ ಡೇನಿಯಲ್ ಡುಬ್ವಾ ಬಾಕ್ಸಿಂಗ್‌ನ ಹೆವಿವೇಟ್ ಪಟ್ಟಕ್ಕಾಗಿ ಸೆಣಸಲಿದ್ದಾರೆ. ಮಾಜಿ ಚಾಂಪಿಯನ್ ಆಂಟನಿ ಜೋಶುವಾರನ್ನು ಡುಬ್ವಾ ಐದೇ ಸುತ್ತಿನಲ್ಲಿ ಮಲಗಿಸಿದರು. ಉಸಿಕ್ ಅದೇ ಜೋಶುವಾರೊಂದಿಗೆ ಎರಡು ಸಲ ಹನ್ನೆರಡೂ ಸುತ್ತು ಆಡಿ ಅಂಕಗಳಲ್ಲಷ್ಟೇ ಗೆದ್ದರು. ಹಾಗಿದ್ದರೆ ಡುಬ್ವಾ ಅವರೇ ಮೇಲಲ್ಲವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ತಕ್ಕಡಿಯಲ್ಲಿ ತೂಗಿದ್ದರೆ 1974ರಲ್ಲಿ ಮಹಮ್ಮದ್ ಅಲಿ ಚಾಂಪಿಯನ್ ಜಾರ್ಜ್ ಫೋರ್‌ಮನ್‌ರನ್ನು ಎದುರಿಸಲು ಆಫ್ರಿಕಾದ ಕಿನ್ಶಾಸಾಕ್ಕೆ ಹೋಗುವುದೇ ದಂಡವಾಗಿತ್ತು. ಅಲಿಯನ್ನು ಸೋಲಿಸಿದ್ದವರು ಇಬ್ಬರೇ: ಫ್ರೇಜಿಯರ್ ಮತ್ತು ನಾರ್ಟನ್. ಆ ಇಬ್ಬರನ್ನೂ ಫೋರ್‌ಮನ್ ಎರಡೆರಡೇ ಸುತ್ತಿನಲ್ಲಿ ಮುಗಿಸಿದ್ದರು. ಆದರೂ ಎಂಟನೆಯ ಸುತ್ತಿನಲ್ಲಿ ನೆಲ ಕಂಡವರು ಫೋರ್‌ಮನ್. ಕುಸ್ತಿಯ ಊರಿನವರಾದ ನಿಮಗೆ ‘ಜೋಡಿ’ ಎಂಬ ಮಾತಿನ ತೂಕ ಗೊತ್ತು. ಯಾರ ಎದುರು ಯಾರು ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ.

2024ರ ಸೆಪ್ಟೆಂಬರ್‌ನಲ್ಲಿ ಡುಬ್ವಾ ಕಂಡ ಜೋಶುವಾ ನೇರ ಮುಂದೆಯೇ ನಿಂತಿದ್ದರು, ಡುಬ್ವಾರ ಬಲಗೈಗೆ ಬೇಕಾದ ದೂರದಲ್ಲಿ. ಉಸಿಕ್ ಅಲ್ಲಿ ಸಿಗುವುದಿಲ್ಲ. ಅವರು ಎಡಗೈಯವರು, ಬಲಗಾಲನ್ನು ಎದುರಾಳಿಯ ಎಡಗಾಲಿನ ಆಚೆಗೆ ಇಟ್ಟು ಪಕ್ಕಕ್ಕೆ ಸರಿಯುತ್ತಲೇ ಇರುತ್ತಾರೆ. ಗುದ್ದು ಹೊರಡುವ ಹೊತ್ತಿಗೆ ಗುರಿ ಜಾಗ ಬಿಟ್ಟಿರುತ್ತದೆ. ಟೈಸನ್ ಫ್ಯೂರಿಯಂಥ ದೈತ್ಯರೂ ಒಂಬತ್ತನೆಯ ಸುತ್ತಿಗೆ ತತ್ತರಿಸಿದ್ದು ಈ ಗುರಿಯನ್ನು ಅಟ್ಟಿಸಿಕೊಂಡು ಹೋದ ಸುಸ್ತಿನಿಂದಲೇ ಎಂದು ನನ್ನ ಅನಿಸಿಕೆ.

ಉಸಿಕ್, ಡುಬ್ವಾ ಇಬ್ಬರೇ ಮೊದಲೊಮ್ಮೆ ಎದುರಾಗಿದ್ದರು ಎಂಬುದನ್ನು ನೀವು ಬಿಟ್ಟಿದ್ದೀರಿ. 2023ರ ಆಗಸ್ಟ್, ಪೋಲೆಂಡಿನ ವ್ರೋತ್ಸ್ವಾಫ್. ಐದನೆಯ ಸುತ್ತಿನಲ್ಲಿ ಡುಬ್ವಾರ ಗುದ್ದಿಗೆ ಉಸಿಕ್ ಕುಸಿದರು. ಅದು ಸೊಂಟದ ಕೆಳಗೆ ಬಿತ್ತೆಂದು ರೆಫರಿ ಚೇತರಿಸಿಕೊಳ್ಳಲು ಸಮಯ ಕೊಟ್ಟರು. ಡುಬ್ವಾ ಕಡೆಯವರು ಇಂದಿಗೂ ಒಪ್ಪಿಲ್ಲ. ನನ್ನ ಕಣ್ಣಿಗೂ ಅದು ಬೆಲ್ಟಿನ ಗೆರೆಯ ಮೇಲೆಯೇ ಬಿದ್ದಂತಿತ್ತು. ಆದರೆ ಆ ಮೇಲಿನ ಸುತ್ತುಗಳಲ್ಲಿ ಡುಬ್ವಾಗೆ ಉತ್ತರವೇ ಹೊಳೆಯಲಿಲ್ಲ. ಎಂಟರಲ್ಲಿ ಬಿದ್ದರು, ಒಂಬತ್ತರಲ್ಲಿ ಮುಗಿದರು.

ಅಂದಿನ ಡುಬ್ವಾ ಇಂದಿಲ್ಲ ಎಂಬ ವಾದವಿದೆ, ಅದನ್ನು ತಳ್ಳಿಹಾಕಲಾರೆ. ಕಷ್ಟ ಬಂದರೆ ಮಂಡಿಯೂರುತ್ತಾರೆ ಎಂದು ಆಡಿಕೊಳ್ಳುತ್ತಿದ್ದವರ ಬಾಯನ್ನು ಮಿಲ್ಲರ್, ಹರ್ಗೊವಿಚ್, ಜೋಶುವಾ ಮೂವರನ್ನೂ ಸಾಲಾಗಿ ನಾಕೌಟ್ ಮಾಡಿ ಮುಚ್ಚಿಸಿದ್ದಾರೆ. 22 ಗೆಲುವುಗಳಲ್ಲಿ 21 ನಾಕೌಟ್. ವಯಸ್ಸು 27. ಉಸಿಕ್‌ಗೆ 38, ಮೈತೂಕವೂ ಕಡಿಮೆ. ಹೆವಿವೇಟ್‌ನಲ್ಲಿ ಕಾಲು ಸೋಲುವುದು ಒಂದೇ ರಾತ್ರಿಯಲ್ಲಿ, ಮುನ್ಸೂಚನೆ ಕೊಡದೆ. ನನಗಿರುವ ಅಳುಕು ಇದೊಂದೇ.

ಆದರೂ ಕೇಳಿದ್ದೀರಿ, ಹೇಳಿಬಿಡುತ್ತೇನೆ: ಉಸಿಕ್, ಹತ್ತನೆಯ ಸುತ್ತಿನ ಆಸುಪಾಸಿನಲ್ಲಿ. ತಪ್ಪಿದರೆ ಇನ್ನೊಂದು ಪತ್ರ ಬರೆಯಿರಿ, ಅಚ್ಚು ಹಾಕುತ್ತೇನೆ. ಲಂಡನ್ನಿನಲ್ಲಿ ಶನಿವಾರ ರಾತ್ರಿಯಾದಾಗ ನಮ್ಮಲ್ಲಿ ನಡುರಾತ್ರಿ ಮೀರಿ ಭಾನುವಾರವಾಗಿರುತ್ತದೆ. ಎದ್ದು ಕುಳಿತರೆ ಮೊದಲ ನಾಲ್ಕು ಸುತ್ತು ಕೈಗಳನ್ನು ಬಿಟ್ಟು ಉಸಿಕ್‌ರ ಬಲಗಾಲನ್ನು ನೋಡಿ. ಅದು ಡುಬ್ವಾರ ಎಡಗಾಲಿನ ಒಳಗೇ ಉಳಿದರೆ ನಿಮ್ಮ ಲೆಕ್ಕವೇ ಸರಿಯಾದೀತು.

– ಸಂಪಾದಕ